ಮೆಟ್ಟಿಲ ಸ್ವಿಚ್ಚಿನಿಂದ ಚಿಪ್ಪಿನವರೆಗೆ

ಚಿಪ್ ಪರೀಕ್ಷೆ ನನ್ನ ಕೆಲಸ. ಬಿಡುವಾದಾಗ ಹಾವೇರಿ, ಗದಗ ಕಡೆಯ ಹೈಸ್ಕೂಲುಗಳಿಗೆ ಹೋಗಿ ಅದರ ಬಗ್ಗೆ ಮಾತಾಡುತ್ತೇನೆ. ಸೆಮಿಕಂಡಕ್ಟರ್ ಎಂದರೆ ಮಕ್ಕಳು ಸುಮ್ಮನಿರುತ್ತಾರೆ. ಅರೆವಾಹಕ ಎಂದರೆ ಒಂದೆರಡು ಕೈ ಮೇಲೇಳುತ್ತವೆ. ಕನ್ನಡದ ಹೆಸರೇ ಅರ್ಧ ಪಾಠ ಹೇಳುತ್ತದೆ, ಅಲ್ವಾ? ತಾಮ್ರದಷ್ಟು ಸಲೀಸಾಗಿ ಕರೆಂಟ್ ಬಿಡುವುದಿಲ್ಲ, ಗಾಜಿನಂತೆ ಪೂರ್ತಿ ತಡೆಯುವುದೂ ಇಲ್ಲ. ಶುದ್ಧ ಸಿಲಿಕಾನ್‌ಗೆ ಚೂರೇ ಚೂರು ಬೋರಾನ್ ಇಲ್ಲವೇ ರಂಜಕ ಬೆರೆಸಿದರೆ ಅದರ ಹರಿವು ನಮ್ಮ ಹಿಡಿತಕ್ಕೆ ಬರುತ್ತದೆ. ಹಾಗೆ ಮಾಡಿದ ಸ್ವಿಚ್ಚೇ ಟ್ರಾನ್ಸಿಸ್ಟರ್. ಅದನ್ನು ಒತ್ತುವುದು ಬೆರಳಲ್ಲ, ವೋಲ್ಟೇಜ್. ಇಂಥ ಸ್ವಿಚ್ಚುಗಳನ್ನು ಒತ್ತಾಗಿ ಕೂರಿಸಿದ ಸಿಲಿಕಾನ್ ಚೂರೇ ಚಿಪ್.

ಆಮೇಲೆ ಎರಡು ಹಲಗೆ ತೆಗೆಯುತ್ತೇನೆ. ಮೊದಲನೆಯದು ಮನೆಯ ಮೆಟ್ಟಿಲ ಲೈಟಿನಂತೆ: ಕೆಳಗೊಂದು ಸ್ವಿಚ್, ಮೇಲೊಂದು. ಎರಡೂ ಒಂದೇ ಕಡೆ ಇದ್ದರೆ ಬಲ್ಬ್ ಆರುತ್ತದೆ, ಬೇರೆ ಬೇರೆ ಕಡೆ ಇದ್ದರೆ ಉರಿಯುತ್ತದೆ. ಎರಡನೆಯ ಹಲಗೆಯಲ್ಲಿ ಸ್ವಿಚ್ಚುಗಳು ಒಂದರ ಹಿಂದೆ ಒಂದು. ಎರಡೂ ಆನ್ ಆದರೆ ಮಾತ್ರ ಬೆಳಕು. ಆನ್ ಎಂದರೆ 1, ಆಫ್ ಎಂದರೆ 0. ಈಗ 1ಕ್ಕೆ 1 ಕೂಡಿಸೋಣ: ಎರಡೂ ಹಲಗೆಯ ಎಲ್ಲ ಸ್ವಿಚ್ಚುಗಳನ್ನು ಆನ್ ಕಡೆಗೆ ಹಾಕೋಣ. ಮೆಟ್ಟಿಲ ಬಲ್ಬ್ ಆರಿತು, ಇನ್ನೊಂದು ಹತ್ತಿತು. ಹತ್ತಿದ್ದನ್ನು ಎಡಕ್ಕೆ, ಆರಿದ್ದನ್ನು ಬಲಕ್ಕೆ ಬರೆದರೆ 10. ಎರಡೇ ಅಂಕಿಯ ಲೆಕ್ಕದಲ್ಲಿ ಅದೇ ನಮ್ಮ ಎರಡು. ನಾಲ್ಕು ಸ್ವಿಚ್ಚು ಲೆಕ್ಕ ಮಾಡಿದವು! 1971ರ ಇಂಟೆಲ್ 4004 ಚಿಪ್ಪಿನಲ್ಲಿ ಸುಮಾರು 2,300 ಟ್ರಾನ್ಸಿಸ್ಟರ್ ಇದ್ದವು. ಇಂದಿನ ದುಬಾರಿ ಫೋನಿನ ಚಿಪ್ಪಿನಲ್ಲಿ 1,000 ಕೋಟಿಗೂ ಜಾಸ್ತಿ.

ಪಾಲಕರು ಕೇಳುವುದು ಕೆಲಸದ ಬಗ್ಗೆ. ನಮ್ಮ ಭಾಗದಲ್ಲಿ ಚಿಪ್ ತಯಾರಿಸುವ ಫ್ಯಾಬ್ ಇಲ್ಲ, ಅದನ್ನು ಮುಚ್ಚಿಡಬಾರದು. ಡಿಸೈನ್ ಕೆಲಸ ಹೆಚ್ಚಾಗಿ ಬೆಂಗಳೂರಿನಲ್ಲಿದೆ. ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂದದ್ದೇ 1985ರಲ್ಲಿ. ಕೇಂದ್ರ ಸರ್ಕಾರ 2021ರಲ್ಲಿ 76,000 ಕೋಟಿ ರೂಪಾಯಿಯ ಚಿಪ್ ಯೋಜನೆ ತಂದ ಮೇಲೆ ಗುಜರಾತ್, ಅಸ್ಸಾಂಗಳಲ್ಲಿ ಕಾರ್ಖಾನೆಗಳು ಏಳುತ್ತಿವೆ. ಅಲ್ಲಿ ಕೋಡ್ ಬರೆಯುವವರಷ್ಟೇ ಸಾಲದು. ರಸಾಯನಶಾಸ್ತ್ರ ಓದಿದವರು ಬೇಕು, ಯಂತ್ರ ನೋಡಿಕೊಳ್ಳುವವರು ಬೇಕು, ಪರೀಕ್ಷೆ ಮಾಡುವವರು ಬೇಕು. ನನ್ನ ಕೆಲಸ ಬ್ಯಾಡಗಿ ಮಾರ್ಕೆಟ್ಟಿನವರಿಗೆ ಬೇಗ ಅರ್ಥವಾಗುತ್ತದೆ. ಒಂದೇ ಹೊಲದ ಮೆಣಸಿನಕಾಯಿಯನ್ನು ಬಣ್ಣ ನೋಡಿ ಬೇರೆ ಮಾಡುತ್ತಾರಲ್ಲ, ಹಾಗೆಯೇ ಒಂದೇ ಸಿಲಿಕಾನ್ ತಟ್ಟೆಯಲ್ಲಿ ಹುಟ್ಟಿದ ಚಿಪ್ಪುಗಳನ್ನು ವೇಗ ನೋಡಿ ವಿಂಗಡಿಸುತ್ತೇವೆ.

ಡಿಪ್ಲೊಮಾವನ್ನು ಸೋತವರ ದಾರಿ ಎಂದು ನೋಡುವುದು ನನಗೆ ತುಂಬಾ ಬೇಸರ ತರುತ್ತದೆ. ಎಸ್ಸೆಸ್ಸೆಲ್ಸಿ ಆದ ಮೇಲೆ ಮೂರು ವರ್ಷದ ಡಿಪ್ಲೊಮಾ ಮುಗಿಸಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇ ಎರಡನೇ ವರ್ಷಕ್ಕೇ ಸೇರಬಹುದು. ಐಸಿ, ಅಂದರೆ ಚಿಪ್, ತಯಾರಿಕೆಯ ಡಿಪ್ಲೊಮಾಕ್ಕೆಂದೇ ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ 2023ರಲ್ಲಿ ಪಠ್ಯಕ್ರಮ ತಂದಿದೆ. ಪಿಯುಸಿ ವಿಜ್ಞಾನದ ಮಕ್ಕಳಿಗೆ ಧಾರವಾಡದಲ್ಲೇ ಐಐಟಿ, ಐಐಐಟಿ ಇವೆ, ಹುಬ್ಬಳ್ಳಿಯಲ್ಲಿ ಕೆಎಲ್ಇ ತಾಂತ್ರಿಕ ವಿಶ್ವವಿದ್ಯಾಲಯ ಇದೆ. ಈಗ ಹತ್ತನೇ ತರಗತಿಯ ವಿದ್ಯುತ್ ಪಾಠವನ್ನು ಬಾಯಿಪಾಠ ಮಾಡದೆ, ತಂತಿ ಜೋಡಿಸಿ ಕಲಿತರೆ ಸಾಕು. ಬ್ಯಾಟರಿ ಸೆಲ್ಲಿನಲ್ಲಿ ಮಾಡಿ, ಮನೆಯ ಕರೆಂಟಿನಲ್ಲಿ ಬೇಡ.

ಹೋದ ಸಲ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಕೇಳಿದಳು: "ಸರ್, ಮೂರು ಅಂತಸ್ತಿನ ಮನೆ ಆದ್ರೆ? ಮೂರು ಸ್ವಿಚ್ ಹಾಕಿದ್ರೆ?" ಮೂರು ಅಂಕಿ ಕೂಡಿಸುವಾಗ ಚಿಪ್ಪಿನೊಳಗೆ ಆಗುವುದು ಅದೇ. ಬೆಲ್ ಹೊಡೆದಿತ್ತು. ಆದರೂ ಬೋರ್ಡಿನ ಮೇಲೆ ಮೂರನೆಯ ಸ್ವಿಚ್ಚನ್ನು ಅವಳ ಕೈಯಿಂದಲೇ ಬರೆಸಿದೆ.