ಬಿಯರ್ ಧಾನ್ಯ, ಕಾಫಿ ಚರಟ, ಕರಿದ ಎಣ್ಣೆ: ನಗರದ ಸರ್ಕ್ಯುಲರ್ ಆಹಾರ ಉದ್ಯಮದ ಲೆಕ್ಕ

ಸರ್ಕ್ಯುಲರ್ ಎಕಾನಮಿ (ಒಬ್ಬರ ಕಸ ಇನ್ನೊಬ್ಬರ ಕಚ್ಚಾಮಾಲಾಗಿ ಸುತ್ತುವ ಆರ್ಥಿಕತೆ) ಪಾಠ ಬಂದರೆ ನಾವೆಲ್ಲ ಬಾಣದ ಗುರುತು ಹಾಕಿ ಒಂದು ಚಕ್ರ ಬರೆದು ಮುಂದಕ್ಕೆ ಹೋಗುತ್ತೇವೆ. ಗಾಡಿ ಬಾಡಿಗೆ, ಕರೆಂಟ್ ಬಿಲ್ಲು, ಮಾಲು ಹಳಸುವ ಸಮಯ ಆ ಚಿತ್ರದಲ್ಲಿ ಕಾಣುವುದೇ ಇಲ್ಲ. ಇಂಥ ಉದ್ಯಮ ಬೆಳೆಯುತ್ತದೋ ಮುಚ್ಚುತ್ತದೋ ಅನ್ನುವುದು ಹೆಚ್ಚಾಗಿ ಈ ಮೂರರಿಂದಲೇ ತೀರ್ಮಾನವಾಗುತ್ತದೆ. ಬೆಂಗಳೂರಿನ ಮೈಕ್ರೋಬ್ರೂವರಿಗಳನ್ನೇ, ಅಂದರೆ ಸಣ್ಣ ಪ್ರಮಾಣದಲ್ಲಿ ಬಿಯರ್ ತಯಾರಿಸುವ ಘಟಕಗಳನ್ನೇ, ಉದಾಹರಣೆಗೆ ತಗೊಳ್ಳೋಣ.

ಬಿಯರ್ ಮಾಡುವಾಗ ಬಾರ್ಲಿ ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಬಿಸಿನೀರಿನಲ್ಲಿ ನೆನೆಸಿ ಸಿಹಿ ರಸ ಬಸಿದುಕೊಳ್ಳುತ್ತಾರೆ. ಕೆಳಗೆ ಉಳಿದ ಧಾನ್ಯದಲ್ಲಿ ಸಕ್ಕರೆ ಹೋಗಿರುತ್ತದೆ, ಆದರೆ ಪ್ರೋಟೀನು, ನಾರು ಹಾಗೇ ಇರುತ್ತವೆ. ಒಣಗಿಸಿದರೆ ತೂಕದಲ್ಲಿ ಸುಮಾರು 20% ಪ್ರೋಟೀನ್. ಹಿಟ್ಟು ಮಾಡಿ ಬಿಸ್ಕತ್ತು, ಬ್ರೆಡ್ಡಿಗೆ ಬೆರೆಸಬಹುದು. ಕೇಳಲು ಸುಲಭ, ಅಲ್ವಾ?

ಈಗ ಲೆಕ್ಕ ಹಾಕಿ. 100 ಲೀಟರ್ ಬಿಯರಿಗೆ ಸುಮಾರು 20 ಕೆಜಿ ಹಸಿ ಧಾನ್ಯ ಉಳಿಯುತ್ತದೆ. 1,000 ಲೀಟರಿನ ಒಂದು ಬ್ಯಾಚಿಗೆ 200 ಕೆಜಿ. ಅದರಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು, ಹಾಗಾಗಿ ಕೊನೆಗೆ ಸಿಗುವ ಒಣ ಮಾಲು 45–50 ಕೆಜಿ ಅಷ್ಟೇ. 150 ಕೆಜಿ ನೀರು ಆವಿಯಾಗಬೇಕು. ಒಂದು ಕೆಜಿ ನೀರಿಗೆ ಸುಮಾರು 0.63 ಯೂನಿಟ್ ಶಕ್ತಿ ಬೇಕು, ಅಂದರೆ ಒಟ್ಟು 95 ಯೂನಿಟ್. ಇದು ಬರೀ ಸಿದ್ಧಾಂತದ ಲೆಕ್ಕ, ನಿಜವಾದ ಡ್ರೈಯರ್ ಇನ್ನೂ ತಿನ್ನುತ್ತದೆ. ಆದ್ದರಿಂದ ಮೊದಲು ಒತ್ತಿ ಹಿಂಡಬೇಕು. ತೇವಾಂಶವನ್ನು 65%ಕ್ಕೆ ಇಳಿಸಿದರೂ ಸುಮಾರು 60–70 ಕೆಜಿ ನೀರು ಡ್ರೈಯರಿಗೆ ಹೋಗುವ ಮೊದಲೇ ಕಳೆಯುತ್ತದೆ.

ಇನ್ನೊಂದು ತೊಂದರೆ ಸಮಯದ್ದು. ಹಸಿ ಧಾನ್ಯ ನಮ್ಮ ಸೆಕೆಗೆ ಒಂದೆರಡು ದಿನದಲ್ಲೇ ಹುಳಿ ವಾಸನೆ ಹೊಡೆಯುತ್ತದೆ. ಬ್ರೂವರಿಗಳು ದಿನಾ ಬಿಯರ್ ಕಾಯಿಸುವುದಿಲ್ಲ, ಒಬ್ಬೊಬ್ಬರದು ಒಂದೊಂದು ದಿನ. ಅದಕ್ಕೇ ಒಂದೇ ಬಡಾವಣೆಯಲ್ಲಿ ಐದಾರು ಬ್ರೂವರಿ ಹಿಡಿದು, ಹತ್ತಿರದಲ್ಲೇ ಡ್ರೈಯರ್ ಇಡುವುದು ನನ್ನ ಪ್ರಕಾರ ಊರಿಡೀ ಸುತ್ತುವುದಕ್ಕಿಂತ ಮೇಲು. ಸಂಜೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಪಾಲು ನೀರು ಹೊತ್ತು ತಿರುಗಿದರೆ ಲಾಭ ಎಲ್ಲಿಂದ ಬರಬೇಕು?

ಟಿಪ್ಪಣಿಯಲ್ಲಿ ಇದನ್ನೂ ಬರೆದುಕೊಳ್ಳಿ: ಈ ಧಾನ್ಯ ಮೊದಲಿನಿಂದಲೂ ದನದ ಮೇವು. ಹಾಲಿನವರ ಕೊಟ್ಟಿಗೆಗೆ ಹೋಗುವುದೂ ಸರ್ಕ್ಯುಲರ್ರೇ. ಅದನ್ನು ತಪ್ಪಿಸಿ ಕುಕ್ಕೀಸ್ ಮಾಡಿದರೆ, ಹಸುವಿಗೆ ಬದಲಿ ಮೇವು ಎಲ್ಲಿಂದ ಬಂತು ಅಂತ ಕೇಳಲೇಬೇಕು.

ಇನ್ನು ಕಾಫಿ ಚರಟ. ನೆದರ್ಲೆಂಡ್ಸಿನ ರಾಟರ್ಡಾಮಿನಲ್ಲಿ ರಾಟರ್‌ಸ್ವಾಮ್ ಅನ್ನುವ ಉದ್ಯಮ 2013ರಲ್ಲಿ, ಪಾಳುಬಿದ್ದಿದ್ದ ಟ್ರಾಪಿಕಾನಾ ಈಜುಕೊಳದ ಕಟ್ಟಡದಲ್ಲಿ, ಕಾಫಿ ಚರಟದ ಮೇಲೆ ಚಿಪ್ಪು ಅಣಬೆ ಬೆಳೆಯಲು ಶುರು ಮಾಡಿತು. ಕುದಿನೀರು ದಾಟಿ ಬಂದ ಚರಟದಲ್ಲಿ ಕ್ರಿಮಿಗಳು ಕಡಿಮೆ. ಅಲ್ಲೂ ಗಡಿಯಾರದ ಕಾಟ ತಪ್ಪಿದ್ದಲ್ಲ: ತಡವಾದರೆ ಹಸಿರು ಬೂಸ್ಟು ಅಣಬೆಗಿಂತ ಮೊದಲೇ ಹಬ್ಬುತ್ತದೆ. ಬರೀ ಅಣಬೆ ಮಾರದೆ, ಮನೆಯಲ್ಲೇ ಬೆಳೆಯುವ ಕಿಟ್ಟು, ತರಬೇತಿಯನ್ನೂ ಮಾರಿದರು. 2017ರಲ್ಲಿ ಬೆಂಕಿ ಬಿದ್ದ ಮೇಲೂ ಮತ್ತೆ ಎದ್ದು ನಿಂತರು.

ಕರಿದ ಎಣ್ಣೆಯ ವಿಷಯದಲ್ಲಿ ಕಾನೂನೇ ಮಾಲನ್ನು ಹೊರಗೆ ತರುತ್ತದೆ. ಟೋಟಲ್ ಪೋಲಾರ್ ಕಾಂಪೌಂಡ್ಸ್ (ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಿದಾಗ ಹೆಚ್ಚುವ ಕೆಟ್ಟ ವಸ್ತುಗಳು) 25% ದಾಟಿದ ಎಣ್ಣೆಯಲ್ಲಿ ಕರಿಯಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2018ರ ಜುಲೈಯಿಂದ ಜಾರಿ ಮಾಡಿತು. ದಿನಕ್ಕೆ 50 ಲೀಟರಿಗಿಂತ ಜಾಸ್ತಿ ಎಣ್ಣೆ ಬಳಸುವವರು 2019ರ ಮಾರ್ಚಿನಿಂದ ಲೆಕ್ಕ ಇಟ್ಟು, ಹಳೇ ಎಣ್ಣೆಯನ್ನು ಮಾನ್ಯತೆ ಪಡೆದ ಸಂಗ್ರಹಕಾರರಿಗೇ ಕೊಡಬೇಕು. ಅಲ್ಲಿಂದ ಅದು ಬಯೋಡೀಸೆಲ್ ಆಗುತ್ತದೆ. ಆದರೆ ರಸ್ತೆಬದಿಯ ಬಜ್ಜಿ ಬಾಣಲೆಗೆ ಅದೇ ಎಣ್ಣೆಯನ್ನು ಎರಡು ರೂಪಾಯಿ ಹೆಚ್ಚು ಕೊಟ್ಟು ಕೊಳ್ಳುವವನು ಸಿಕ್ಕರೆ, ಬಯೋಡೀಸೆಲಿನವನು ಅವನ ದರಕ್ಕೆ ಏರಲೇಬೇಕು.