ಒಣಗಲು ಬಾರದ ಬೀಜ

ಜೂನ್ ಬಂತೆಂದರೆ ಶಿರಸಿ, ಸಿದ್ದಾಪುರದ ಕಡೆ ಗಿಡ ನೆಡುವ ಸಂಭ್ರಮ. ಗುಂಡಿ, ಸಸಿ, ಫೋಟೊ. ಬೇಡವೆನ್ನಲಾರೆ. ಆದರೆ ಏರುವ ಬಿಸಿಗೆ ಕಾಡನ್ನು ಸಜ್ಜುಗೊಳಿಸುವುದೆಂದರೆ ಇಷ್ಟೇ ಎನ್ನುವವರನ್ನು ಸಿದ್ದಾಪುರ ತಾಲೂಕಿನ ಕತ್ತಲೆಕಾನಿಗೆ, ಅಲ್ಲಿನ ರಾಮಪತ್ರೆ ಜಡ್ಡಿಗೆ, ಅಂದರೆ ಜಾಯಿಕಾಯಿಯ ಕಾಡುಬಂಧುಗಳು ಬೆಳೆಯುವ ಜೌಗಿಗೆ, ಕರೆದೊಯ್ಯಬೇಕು.

ಹಳ್ಳದ ನೀರು ಹರಡಿ ನೆಲವೆಲ್ಲ ಕೆಸರು. ಕೆಸರಿನಲ್ಲಿ ಗಾಳಿಯಾಡದು, ಅದಕ್ಕೇ ಬೇರುಗಳು ಮಡಚಿದ ಮೊಣಕಾಲಿನ ಹಾಗೆ ಮೇಲೆದ್ದು, ಉಸಿರಾಡಿ, ಮತ್ತೆ ಕೆಳಗಿಳಿಯುತ್ತವೆ. ಎಲ್ಲರೂ ಬೇರು ನೋಡುತ್ತಾರೆ. ನನಗೆ ಬೀಜವೇ ಸೋಜಿಗ.

ಭತ್ತ ಬಲಿಯುವಾಗ ತಾನಾಗಿ ಒಣಗುತ್ತದೆ. ನೀರು ಹೋದಲ್ಲಿ ಸಕ್ಕರೆ ಮತ್ತು ಕೆಲವು ಪ್ರೋಟೀನುಗಳು ನಿಂತು ಜೀವಕೋಶದ ಪೊರೆ ಹರಿಯದಂತೆ ಕಾಯುತ್ತವೆ. ಒಳಗಿನ ಕೆಲಸವೆಲ್ಲ ಬಹುಪಾಲು ಸ್ತಬ್ಧ. ಹಾಗಾಗಿ ಕಣಜದಲ್ಲಿ ಮುಂದಿನ ಮಳೆಗಾಲದವರೆಗೆ ಕೆಡದೆ ಕೂರುತ್ತದೆ. ರಾಮಪತ್ರೆಗೆ ಈ ವಿದ್ಯೆ ಬಾರದು. ಮರದಿಂದ ಬೀಳುವಾಗಲೂ ಬೀಜ ಹಸಿ, ಒಳಗೆ ಉಸಿರಾಟ ನಡೆದೇ ಇರುತ್ತದೆ. ನೀರಿನಂಶ ಇಳಿದಂತೆ ಆ ಉಸಿರಾಟ ಹದ ತಪ್ಪುತ್ತದೆ. ಆಗ ಹುಟ್ಟುವ ಉಗ್ರ ಆಮ್ಲಜನಕದ ಅಣುಗಳು ಪೊರೆಯನ್ನೇ ಹಾಳುಗೆಡವುತ್ತವೆ. ಆಮೇಲೆ ಎಷ್ಟು ನೀರು ಹನಿಸಿದರೂ ಮೊಳಕೆಯಿಲ್ಲ. ಒಣಗಿಸಿ ತಣ್ಣಗಿಟ್ಟು ಬೀಜಬ್ಯಾಂಕ್ ಮಾಡುವ ಮಾತು ಇಲ್ಲಿ ನಡೆಯದು.

ಬೀಜದ ಸಾಗಣೆ ಮಂಗಟ್ಟೆ ಹಕ್ಕಿಯದು. ಬೀಜ ಸುತ್ತಿದ ಕೆಂಪು ಪತ್ರೆಯ ಆಸೆಗೆ ಇಡೀ ಬೀಜ ನುಂಗಿ, ದೂರ ಹಾರಿ, ಕಕ್ಕುತ್ತದೆ. ಬಿದ್ದ ನೆಲ ಒಣಗಿದ್ದರೆ ಕತೆ ಮುಗಿಯಿತು. ನಡುವೆ ಬರೀ ಅಕೇಶಿಯಾ ನೆಡುತೋಪಿದ್ದರೆ ಹಕ್ಕಿಗೆ ಹಣ್ಣೂ ಇಲ್ಲ, ಗೂಡಿಗೆ ಪೊಟರೆಯೂ ಇಲ್ಲ.

1801ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಸಮೀಕ್ಷೆಗೆಂದು ಈ ಸೀಮೆಯಲ್ಲಿ ತಿರುಗಿದ ಫ್ರಾನ್ಸಿಸ್ ಬುಕಾನನ್, ಇಲ್ಲಿ ಕಾಡು ಊರದೇವರ ಆಸ್ತಿ, ಮರ ಕಡಿಯಲು ಗೌಡನ ಅಪ್ಪಣೆ ಬೇಕು ಎಂದು ಬರೆದಿಟ್ಟ. ಸರ್ಕಾರ ಕೈಯಿಡದಿರಲಿ ಎಂದು ಜನ ಹೂಡಿದ ಉಪಾಯವಿದು ಅಂತ ಅವನ ಗುಮಾನಿ. ದೇವರು ಮುನಿದು ಹಳ್ಳ ಬತ್ತಿತು ಎನ್ನುವವರೊಡನೆ ನನ್ನ ಜಗಳವಿದೆ. ಕೊಡಲಿ ಎತ್ತುವ ಮೊದಲು ಅಪ್ಪಣೆ ಕೇಳುವ ಕ್ರಮದೊಡನೆ ಇಲ್ಲ.

ಕೆಳಗಿನ ಅಡಿಕೆ ತೋಟಕ್ಕೆ ಬೇಸಿಗೆಯ ನೀರು ಇಂಥ ಹಳ್ಳಗಳದ್ದೇ. ಮಾರ್ಚ್‌ನಲ್ಲಿ ಹಳ್ಳದ ತಲೆಯಲ್ಲೇ ಪಂಪ್ ಇಟ್ಟರೆ ಮೊದಲು ಸಾಯುವುದು ಜಡ್ಡಿಯ ಸಸಿ, ಆಮೇಲೆ ಕೆಳಗಿನವರ ತೋಟ. ಕಾಡಿನ ಹುಳಿಹಣ್ಣು ಉಪ್ಪಾಗೆ ಕೊಯ್ಯುವವರದ್ದು ಬೇರೆ ಕಷ್ಟ: ಮಳೆಗಾಲದಲ್ಲಿ ಸಿಪ್ಪೆ ಬೆಂಕಿಯ ಮೇಲೇ ಒಣಗಬೇಕು, ಅದಕ್ಕೆ ರಾಶಿ ಕಟ್ಟಿಗೆ. ಕಡಿಮೆ ಕಟ್ಟಿಗೆ ತಿನ್ನುವ ಒಲೆ ಅವರ ಮನೆ ಸೇರಿದರೆ ಕಾಡಿನ ಮೇಲಿನ ಹೊರೆಯೂ ಇಳಿಯುತ್ತದೆ. ನರ್ಸರಿ ಮಾಡುವವರು ರಾಮಪತ್ರೆ ಹಣ್ಣು ಒಡೆದ ಕೂಡಲೇ ಬೀಜ ತಂದು, ನೆರಳಲ್ಲಿ, ಒದ್ದೆ ಮರಳಿಗೆ ಹಾಕಲಿ. ವನಮಹೋತ್ಸವದ ದಿನಾಂಕ ಆಮೇಲೆ ಗೊತ್ತುಮಾಡಿದರಾಯಿತು.