ಮೇಷ್ಟ್ರು, ಬಾಂಬರ್ ವಿಮಾನ ಮತ್ತು ಹಳದಿ ಉಪ್ಪಿಟ್ಟು

ಅರವತ್ತು, ಎಪ್ಪತ್ತರ ದಶಕಗಳಲ್ಲಿ ನಮ್ಮ ಸರ್ಕಾರಿ ಶಾಲೆಗಳಲ್ಲಿ ಓದಿದವರನ್ನು ಕೇಳಿ ನೋಡಿ. ಕೇರ್ ಉಪ್ಪಿಟ್ಟು ಅಂದ ಕೂಡಲೇ ಒಂದೋ ಮುಖ ಅರಳುತ್ತದೆ, ಇಲ್ಲಾ ಕಿವುಚಿಕೊಳ್ಳುತ್ತದೆ. ಆ ಹಳದಿ ಹಿಟ್ಟು, ಹಾಲಿನ ಪುಡಿ ಎಲ್ಲ ಅಮೆರಿಕದ್ದು. ಅಲ್ಲಿ ರೈತರು ಬೆಳೆದು, ಕೊಳ್ಳುವವರಿಲ್ಲದೆ ಗೋದಾಮಿನಲ್ಲಿ ರಾಶಿ ಬಿದ್ದದ್ದನ್ನು ಸರ್ಕಾರ ಹೊರದೇಶಗಳಿಗೆ ಕಳಿಸುತ್ತಿತ್ತು, ಕೇರ್‌ನಂಥ ಸಂಸ್ಥೆಗಳು ಅದನ್ನು ಶಾಲೆಗಳಿಗೆ ಮುಟ್ಟಿಸುತ್ತಿದ್ದವು. ಫುಡ್ ಫಾರ್ ಪೀಸ್ ಅಂತ ಆ ಯೋಜನೆಯ ಹೆಸರು. 1961ರಲ್ಲಿ ಅಧ್ಯಕ್ಷ ಕೆನಡಿ ಅದನ್ನು ಒಬ್ಬ ಮಾಜಿ ಮೇಷ್ಟ್ರ ಕೈಗೆ ಕೊಟ್ಟರು. ಜಾರ್ಜ್ ಮೆಕ್‌ಗವರ್ನ್.

ಇವತ್ತು ಯಾರಾದರೂ ಈ ಹೆಸರು ಎತ್ತಿದರೆ 1972ರ ಅಮೆರಿಕದ ಅಧ್ಯಕ್ಷ ಚುನಾವಣೆಯ ಸೋಲಿನ ಮಾತೇ ಬರುತ್ತದೆ. ಅಷ್ಟಕ್ಕೇ ಬಿಟ್ಟುಬಿಡುವಂಥ ಬದುಕಲ್ಲ ಅದು.

ಹುಟ್ಟಿದ್ದು 1922ರಲ್ಲಿ, ಸೌತ್ ಡಕೋಟಾದ ಏವನ್ ಅನ್ನುವ ಪುಟ್ಟ ಊರಲ್ಲಿ. ಬೆಳೆದದ್ದು ಮಿಚೆಲ್‌ನಲ್ಲಿ. ಅಪ್ಪ ಪಾದ್ರಿ, ಮನೆಯಲ್ಲಿ ಕಟ್ಟುನಿಟ್ಟು. ಹುಡುಗ ನಾಚಿಕೆ ಸ್ವಭಾವದವನು. ಒಮ್ಮೆ ಕಸರತ್ತಿನ ಮರದ ಕುದುರೆ ಹಾರಲು ಹೆದರಿ ನಿಂತಾಗ ವ್ಯಾಯಾಮದ ಮೇಷ್ಟ್ರು ಹೇಡಿ ಅಂದುಬಿಟ್ಟರಂತೆ. ಮುಂದೆ ಕಾಲೇಜಿನಲ್ಲಿ ವಿಮಾನ ಓಡಿಸಲು ಕಲಿತದ್ದರ ಹಿಂದೆ ಆ ಮಾತೂ ಇತ್ತು.

ಎರಡನೇ ಮಹಾಯುದ್ಧ ಬಂತು. ಇಟಲಿಯ ಚೆರಿನ್ಯೋಲಾ ನೆಲೆಯಿಂದ ಬಿ-24 ಬಾಂಬರ್ ಓಡಿಸುವ ಕೆಲಸ. ವಿಮಾನಕ್ಕೆ ಹೆಂಡತಿ ಎಲಿನಾರ್ ನೆನಪಲ್ಲಿ 'ಡಕೋಟಾ ಕ್ವೀನ್' ಅಂತ ಹೆಸರಿಟ್ಟಿದ್ದರು. ಒಟ್ಟು 35 ದಾಳಿ. 1944ರ ಡಿಸೆಂಬರ್‌ನಲ್ಲಿ ಎಂಜಿನ್ ಕೆಟ್ಟು, ಏಡ್ರಿಯಾಟಿಕ್ ಸಮುದ್ರದ ವಿಸ್ ದ್ವೀಪದಲ್ಲಿ, ಬಿ-24ಕ್ಕೆ ಯಾವ ಲೆಕ್ಕಕ್ಕೂ ಸಾಲದಷ್ಟು ಚಿಕ್ಕ ರನ್‌ವೇ ಮೇಲೆ ವಿಮಾನ ಇಳಿಸಿ ತಂಡದವರನ್ನೆಲ್ಲ ಉಳಿಸಿದರು. ಅದಕ್ಕೆ ಪದಕ ಸಿಕ್ಕಿತು.

ಆದರೆ ಅವರನ್ನು ಜೀವನವಿಡೀ ಕಾಡಿದ್ದು ಬೇರೆ ಎರಡು ಸಂಗತಿ. ಒಂದು, ಇಟಲಿಯ ಬೀದಿಗಳಲ್ಲಿ ಸೈನಿಕರ ಮುಂದೆ ಕೈ ಚಾಚುತ್ತಿದ್ದ ಹಸಿದ ಮಕ್ಕಳು. ಇನ್ನೊಂದು, 1945ರ ಮಾರ್ಚ್‌ನ ಒಂದು ಮಧ್ಯಾಹ್ನ. ಒಂದು ಬಾಂಬು ವಿಮಾನದಲ್ಲೇ ಸಿಕ್ಕಿಕೊಂಡಿತ್ತು. ಅದನ್ನು ಹೊತ್ತು ಇಳಿಯುವ ಹಾಗಿಲ್ಲ. ಹೇಗೋ ಬಿಡಿಸಿ ಕೆಳಗೆ ಬೀಳಿಸಿದರೆ ಅದು ಆಸ್ಟ್ರಿಯಾದ ಒಂದು ತೋಟದ ಮನೆಯ ಮೇಲೆ ಬಿತ್ತು. ಊಟದ ಹೊತ್ತು. ರೈತರು ಊಟಕ್ಕೆ ಮನೆ ಸೇರುವ ಸಮಯ ಅದು ಅಂತ ಹಳ್ಳಿ ಕಡೆಯ ಈ ಪೈಲಟ್‌ಗೆ ಯಾರೂ ಹೇಳಬೇಕಿರಲಿಲ್ಲ. ನೆಲೆಗೆ ವಾಪಸ್ ಬಂದರೆ ತಂತಿ ಕಾಯುತ್ತಿತ್ತು: ಮೊದಲ ಮಗಳು ಹುಟ್ಟಿದ್ದಳು.

ಯುದ್ಧ ಮುಗಿಸಿ ಬಂದವರು ಸ್ವಲ್ಪ ಕಾಲ ಅಪ್ಪನ ದಾರಿಯಲ್ಲೇ ಪಾದ್ರಿಯಾಗಲು ಹೊರಟಿದ್ದರು. ಮನಸ್ಸು ಒಗ್ಗಲಿಲ್ಲ. ತಾವು ಓದಿದ್ದ ಡಕೋಟಾ ವೆಸ್ಲಿಯನ್ ಕಾಲೇಜಿನಲ್ಲೇ ಇತಿಹಾಸ ಪಾಠ ಮಾಡುತ್ತ, ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಿಂದ 1953ರಲ್ಲಿ ಪಿಎಚ್‌ಡಿ ಪಡೆದರು. ವಿಷಯ ಕೊಲರಾಡೋದ ಕಲ್ಲಿದ್ದಲು ಗಣಿ ಕಾರ್ಮಿಕರ ಮುಷ್ಕರ. ಅಲ್ಲಿಗೆ ಸುಮ್ನೆ ಇದ್ದಿದ್ದರೆ ನೆಮ್ಮದಿಯ ಕೆಲಸ. ಆದರೆ ಅದನ್ನು ಬಿಟ್ಟು ರಾಜ್ಯದ ಡೆಮಾಕ್ರಟಿಕ್ ಪಕ್ಷ ಕಟ್ಟಲು ಹೊರಟರು. ಆಗ ಆ ರಾಜ್ಯದ ಶಾಸನಸಭೆಯ 110 ಸೀಟುಗಳಲ್ಲಿ ಪಕ್ಷದವರು ಎಷ್ಟಿದ್ದರು ಗೊತ್ತಾ? ಇಬ್ಬರು! ಹಳೇ ಕಾರಿನಲ್ಲಿ ಊರೂರು ತಿರುಗಿ, ಸಿಕ್ಕವರ ಹೆಸರನ್ನೆಲ್ಲ ಚಿಕ್ಕ ಚಿಕ್ಕ ಕಾರ್ಡುಗಳ ಮೇಲೆ ಬರೆದಿಟ್ಟುಕೊಂಡು, 1956ರಲ್ಲಿ ಸಂಸತ್ತಿನ ಕೆಳಮನೆಗೆ ಗೆದ್ದರು. 1960ರಲ್ಲಿ ಸೆನೆಟ್‌ಗೆ ನಿಂತು ಸೋತರು. ಫುಡ್ ಫಾರ್ ಪೀಸ್ ಕೈಗೆ ಬಂದದ್ದು ಈ ಸೋಲಿನ ನಂತರವೇ. 1962ರಲ್ಲಿ ಮತ್ತೆ ನಿಂತು ಗೆದ್ದರು, ಬರೀ 597 ಮತಗಳ ಅಂತರದಲ್ಲಿ.

ಇನ್ನು ವಿಯೆಟ್ನಾಂ. ಅಮೆರಿಕ ಅಲ್ಲಿ ತಲೆಹಾಕುವುದು ತಪ್ಪು ಅಂತ 1963ರಲ್ಲೇ ಸೆನೆಟ್‌ನಲ್ಲಿ ಹೇಳಿದವರು ಅವರು. ಆದರೂ ಮರುವರ್ಷ, ಅಲ್ಲಿ ಸೈನ್ಯ ಬಳಸಲು ಅಧ್ಯಕ್ಷರಿಗೆ ಅಧಿಕಾರ ಕೊಡುವ ಟೊಂಕಿನ್ ಕೊಲ್ಲಿ ನಿರ್ಣಯ ಬಂದಾಗ ಅದರ ಪರವಾಗಿಯೇ ಕೈ ಎತ್ತಿದರು. ಇದು ದೊಡ್ಡ ತಪ್ಪು. ವಿರೋಧಿಸಿದ್ದು ಇಡೀ ಸೆನೆಟ್‌ನಲ್ಲಿ ಇಬ್ಬರೇ, ಇವರು ಮೂರನೆಯವರಾಗಬಹುದಿತ್ತು ಅಲ್ವಾ? ಆ ಕೊರಗು ಅವರಿಗೂ ಉಳಿದಿತ್ತು. 1970ರ ಸೆಪ್ಟೆಂಬರ್ 1ರಂದು ಸೈನ್ಯ ವಾಪಸ್ ಕರೆಸುವ ತಿದ್ದುಪಡಿ ಮತಕ್ಕೆ ಬಂದಾಗ ಎದ್ದು ನಿಂತು, ಇಲ್ಲಿ ಕೂತಿರುವ ಪ್ರತಿಯೊಬ್ಬರೂ ಯುದ್ಧಕ್ಕೆ ಹೋದ ಹುಡುಗರ ಸಾವಿಗೆ ಒಂದಿಷ್ಟು ಹೊಣೆ, ಈ ಸಭಾಂಗಣ ರಕ್ತ ನಾರುತ್ತಿದೆ ಅಂದರು. ಸಭೆ ಗರಬಡಿದಂತೆ ಕೂತಿತು. ತಿದ್ದುಪಡಿ 55-39ರಲ್ಲಿ ಬಿದ್ದುಹೋಯಿತು.

1972ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತರು. ಪಕ್ಷದ ಸಮ್ಮೇಳನ ಎಷ್ಟು ಅಸ್ತವ್ಯಸ್ತ ಅಂದರೆ ಅವರ ಮುಖ್ಯ ಭಾಷಣ ಶುರುವಾಗುವಾಗ ಬೆಳಗಿನ ಜಾವ ಮೂರರ ಹತ್ತಿರ. ಉಪಾಧ್ಯಕ್ಷ ಸ್ಥಾನಕ್ಕೆ ಆರಿಸಿಕೊಂಡಿದ್ದ ಥಾಮಸ್ ಈಗಲ್ಟನ್ ಖಿನ್ನತೆಗೆ ಶಾಕ್ ಚಿಕಿತ್ಸೆ ಪಡೆದಿದ್ದು ಬಯಲಾಯಿತು. ಸಾವಿರ ಪರ್ಸೆಂಟ್ ಅವರ ಜೊತೆಗಿದ್ದೇನೆ ಅಂದ ಮೆಕ್‌ಗವರ್ನ್ ಕೆಲವೇ ದಿನಗಳಲ್ಲಿ ಕೈಬಿಟ್ಟರು. ನಂಬಿಕೆ ಕುಸಿಯಿತು. ಇತ್ತ ಎದುರಾಳಿ, ಅಧ್ಯಕ್ಷ ನಿಕ್ಸನ್ ಕಡೆಯವರು ಇವರು ಮೆತ್ತಗಿನ ಆಸಾಮಿ, ದೇಶ ಕಾಯಲಾರರು ಅಂತ ಬಿಂಬಿಸಿದರು. 35 ಸಲ ವಿಮಾನವಿರೋಧಿ ಗುಂಡುಗಳ ನಡುವೆ ಹೋಗಿ ಬಂದ ಮನುಷ್ಯನಿಗೆ ಈ ಮಾತು! ಅವರು ಮಾತ್ರ ತಮ್ಮ ಯುದ್ಧದ ಕಥೆ ಜಾಸ್ತಿ ಹೇಳಿಕೊಳ್ಳಲಿಲ್ಲ. ಮೆಸಾಚುಸೆಟ್ಸ್ ಮತ್ತು ವಾಷಿಂಗ್ಟನ್ ನಗರ ಬಿಟ್ಟು ಎಲ್ಲ ಕಡೆ ಸೋತರು, ತವರು ಸೌತ್ ಡಕೋಟಾದಲ್ಲೂ.

ಹಸಿವಿನ ಕೆಲಸ ಮಾತ್ರ ಬಿಡಲಿಲ್ಲ. ಸೆನೆಟ್‌ನ ಪೌಷ್ಟಿಕತೆ ಸಮಿತಿಯಲ್ಲಿ ಅವರ ಜೊತೆ ನಿಂತದ್ದು ಎದುರು ಪಕ್ಷದ ಬಾಬ್ ಡೋಲ್, ಅವರೂ ಇಟಲಿಯ ಯುದ್ಧದಲ್ಲೇ ತೀವ್ರವಾಗಿ ಗಾಯಗೊಂಡವರು. ಬಡದೇಶಗಳ ಶಾಲಾಮಕ್ಕಳಿಗೆ ಊಟ ಕೊಡುವ ಅಮೆರಿಕದ ಯೋಜನೆ ಇವತ್ತಿಗೂ ಈ ಇಬ್ಬರ ಹೆಸರಲ್ಲೇ ಇದೆ. 2008ರ ವಿಶ್ವ ಆಹಾರ ಪ್ರಶಸ್ತಿಯನ್ನೂ ಇಬ್ಬರೂ ಹಂಚಿಕೊಂಡರು. ಮೆಕ್‌ಗವರ್ನ್ 2012ರಲ್ಲಿ ತೀರಿಕೊಂಡಾಗ 90 ವರ್ಷ.

ಆ ತೋಟದ ಮನೆಯ ಕಥೆ ಬಾಕಿ ಉಳಿಯಿತು. ಎಂಬತ್ತರ ದಶಕದಲ್ಲಿ ಆಸ್ಟ್ರಿಯಾಕ್ಕೆ ಹೋಗಿದ್ದಾಗ ಅಲ್ಲಿನ ಟಿವಿಯಲ್ಲಿ ಈ ಬಾಂಬಿನ ಬಗ್ಗೆ ಹೇಳಿಕೊಂಡರು. ಕಾರ್ಯಕ್ರಮ ನೋಡಿದ ಒಬ್ಬ ಮುದಿ ರೈತ ಸ್ಟೇಷನ್‌ಗೆ ಫೋನ್ ಮಾಡಿದ. ಅದು ನನ್ನದೇ ಮನೆ, ವಿಮಾನ ಬರೋದನ್ನು ನೋಡಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಹಳ್ಳಕ್ಕೆ ಓಡಿದ್ದೆ, ಯಾರಿಗೂ ಏನೂ ಆಗಲಿಲ್ಲ ಅಂದ. ನಾಲ್ಕು ದಶಕ ಆಗಿತ್ತು.